ಸೆವ್ರಿನ್ ಬಾಯಿಯ ಹಿತ್ತಲಿನ ಕಾಸರಕದ ಮರ

ಬಾಯಮ್ಮ, ನಿಮ್ಮ ಅರ್ಜಿ ಬಂದಿತ್ತು. ಒಂದಲ್ಲ, ಎರಡು ಸಲ. ಎರಡು ಸಲವೂ ಅದನ್ನು ತೆಗೆದುಕೊಂಡವನು ನಾನು. ಅಂಥ ಅರ್ಜಿ ಬಂದದ್ದೇ ಇಲ್ಲ ಎಂದು ಊರೆಲ್ಲ ಸೇರಿದ್ದ ಜಗಲಿಯಲ್ಲಿ, ಪೊಲೀಸರ ಎದುರು, ಒಡಹುಟ್ಟಿದ ಅಕ್ಕನ ಎದುರು ಹೇಳಿದವನೂ ನಾನೇ.

ಇದನ್ನು ಹೇಳಲು ಹತ್ತು ವರ್ಷ ಬೇಕಾಯಿತು ಎಂದು ಬರೆದು, ಹೊಡೆದುಹಾಕಿದೆ. ಬೇಕಾಯಿತು ಎಂದರೆ ಅಷ್ಟು ದಿನವೂ ಹೇಳಲು ಒದ್ದಾಡುತ್ತಿದ್ದೆ ಎಂದಾಗುತ್ತದೆ. ನಾನೇನೂ ಒದ್ದಾಡಲಿಲ್ಲ. ಉಂಡೆ, ತಿಂದೆ, ಬಡ್ತಿ ತೆಗೆದುಕೊಂಡೆ, ಪರ್ಕಳದಲ್ಲಿ ಸಣ್ಣದೊಂದು ಮನೆ ಕಟ್ಟಿದೆ. ಮಳೆಗಾಲದ ನಡುವೆ ಆಟಿ ತಿಂಗಳು ಬಂದಾಗ ನಾಲ್ಕು ದಿನ ಊಟ ಸೇರುತ್ತಿರಲಿಲ್ಲ. ಆಮೇಲೆ ಸೇರುತ್ತಿತ್ತು.

ನಡೆದದ್ದರಲ್ಲಿ ಅರ್ಧ ನಿಮಗೆ ಗೊತ್ತುಂಟು. ಊರಿಗೆ ಗೊತ್ತಿರುವುದೂ ಅರ್ಧವೇ, ಅದೂ ನಾನು ಕಟ್ಟಿಕೊಟ್ಟ ಸುಳ್ಳಿನ ಅರ್ಧ. ಈ ಕಾಗದ ಏನೂ ಗೊತ್ತಿಲ್ಲದವರ ಕೈಗೂ ಹೋಗಬೇಕು. ಹಾಗಾಗಿ ಗೊತ್ತಿದ್ದದ್ದನ್ನೇ ಮತ್ತೆ ಹೇಳಿದರೆ ಬೇಸರಿಸಬೇಡಿ, ಮೊದಲಿನಿಂದ ಹೇಳುತ್ತೇನೆ.

ಕಾರ್ಕಳದಿಂದ ಉಡುಪಿಗೆ ಬರುವ ದಾರಿಯಲ್ಲಿ ನಮ್ಮ ಊರು. ಹೆಸರು ಬರೆಯುವುದಿಲ್ಲ, ಊರಿಗೆ ನಾನು ಮಾಡಿದ ಉಪಕಾರ ಸಾಕು. ಅಲ್ಲಿಯ ಪಂಚಾಯತು ಕಚೇರಿಯಲ್ಲಿ ನಾನು ಗುಮಾಸ್ತ. ಹೆಂಡತಿಯೊಂದಿಗೆ ಪರ್ಕಳದಲ್ಲಿ ಬಾಡಿಗೆ ಕೋಣೆಯಲ್ಲಿದ್ದುಕೊಂಡು ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದೆ. ನಾನು ಹುಟ್ಟಿದ ಮನೆ ಕಚೇರಿಯಿಂದ ನಡೆದರೆ ಇಪ್ಪತ್ತು ನಿಮಿಷದ ದಾರಿ. ಅಲ್ಲಿ ನನ್ನ ಅಕ್ಕ ಕಲ್ಯಾಣಿ, ಅವಳ ಗಂಡ ಶೀನ ಭಾವ ಮತ್ತು ನಮ್ಮ ಸೋದರಮಾವ ಇದ್ದರು. ಭಾವ ಕಾಪುವಿನವರು, ಕಡಲ ಕರೆಯಲ್ಲಿ ಬೆಳೆದವರು. ಮದುವೆಯಾದ ಮೇಲೆ ನಮ್ಮ ಮನೆಯಲ್ಲೇ ನಿಂತು, ಕಾಪುವಿನಿಂದ ಮೀನು ತಂದು ಸೈಕಲ್ಲಿನಲ್ಲಿ ಮಾರುತ್ತಿದ್ದರು. ಬೇಲಿಯ ಆಚೆಯದು ನಿಮ್ಮ ಮನೆ, ಊರಿನ ಬಾಯಲ್ಲಿ ಸೆವ್ರಿನ್ ಬಾಯಿಯ ಮನೆ. ಗಂಡ ಬೊಂಬಾಯಿಯಲ್ಲಿ ತೀರಿಹೋದ ಮೇಲೆ ಮಗಳು ಲೂಸಿಯನ್ನು ಕಟ್ಟಿಕೊಂಡು, ಅಂಗಳದ ಮಲ್ಲಿಗೆ ಗಿಡಗಳನ್ನು ನಂಬಿ ಬದುಕಿದವರು ನೀವು. ಊರಿನ ಮದುವೆಗಳಿಗೆ, ದೇವಸ್ಥಾನಕ್ಕೆ, ಭೂತದ ಕೋಲಕ್ಕೆ ಎಲ್ಲದಕ್ಕೂ ನಿಮ್ಮ ಕೈಯ ಮಲ್ಲಿಗೆ ಚೆಂಡು. ನಿಮ್ಮ ಜಾತಿ ಯಾವುದೆಂದು ಹೂವನ್ನು ಕೇಳಿದವರಿಲ್ಲ.

ನಿಮ್ಮ ಹಿತ್ತಲಿನಲ್ಲಿ ಒಂದು ಪಾಲೆ ಮರವಿತ್ತು. ನಮ್ಮ ಕಡೆ ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಪಾಲೆಯ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಅರೆದು, ರಸ ತೆಗೆದು, ಓಮ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಖಾಲಿ ಹೊಟ್ಟೆಯಲ್ಲಿ ಕುಡಿಯುತ್ತೇವೆ. ಮಳೆಗಾಲದ ಕಾಯಿಲೆಗಳಿಗೆ ಅದು ಮದ್ದು. ತೊಗಟೆಗೆ ಕಬ್ಬಿಣ ತಾಗಬಾರದು, ದೀಪ ಹಿಡಿಯಬಾರದು ಎಂದೆಲ್ಲ ಕ್ರಮಗಳು. ಸುತ್ತಲಿನ ಏಳೆಂಟು ಮನೆಯವರಿಗೆ ನಿಮ್ಮ ಹಿತ್ತಲಿನ ಮರವೇ ಗತಿ. ನೀವು ಒಂದು ದಿನವೂ ಬೇಡ ಎಂದವರಲ್ಲ.

ಆ ಪಾಲೆಯ ಪಕ್ಕದಲ್ಲೇ, ನಾಲ್ಕು ಹೆಜ್ಜೆಯ ಅಂತರದಲ್ಲಿ, ಹೆಚ್ಚುಕಡಿಮೆ ಅಷ್ಟೇ ದಪ್ಪದ ಇನ್ನೊಂದು ಮರವಿತ್ತು. ಕಾಸರಕ. ತುಳುವಿನಲ್ಲಿ ಕಾಯೆರ್. ಅದು ವಿಷ. ಹಗಲು ಹೊತ್ತು ಎಲೆ ನೋಡಿದರೆ ಮಕ್ಕಳಿಗೂ ಗುರುತು ಸಿಗುತ್ತದೆ. ಕತ್ತಲಲ್ಲಿ, ಸುರಿಯುವ ಮಳೆಯಲ್ಲಿ, ಒದ್ದೆ ತೊಗಟೆಯನ್ನು ಮುಟ್ಟಿ ಗುರುತಿಸುವುದು ನಮ್ಮ ಮಾವನಂಥವರಿಗೆ ಮಾತ್ರ ಆಗುವ ಕೆಲಸ. ಹಿಂದಿನವರು ಮುನ್ನಾದಿನ ಸಂಜೆಯೇ ಪಾಲೆಗೆ ನೂಲು ಕಟ್ಟಿ ಬರುತ್ತಿದ್ದರು. ನಮ್ಮ ಕಾಲಕ್ಕೆ ಅದು ಬಿಟ್ಟುಹೋಗಿತ್ತು. ಬಿಟ್ಟದ್ದನ್ನು ಹಿಡಿದವರು ನೀವು. ಆಟಿ ಅಮಾವಾಸ್ಯೆಯ ಹಿಂದಿನ ಸಂಜೆ ನೆನಪಿಟ್ಟುಕೊಂಡು ಒಂದು ಬಿಳಿ ಬಟ್ಟೆಯ ತುಂಡನ್ನು ಪಾಲೆಗೆ ಸುತ್ತಿಡುತ್ತಿದ್ದಿರಿ. ನಮ್ಮ ಹಬ್ಬವನ್ನು ನಮಗಿಂತ ಚೆನ್ನಾಗಿ ನೀವು ಕಾಯುತ್ತಿದ್ದಿರಿ — ಇದನ್ನು ನಾನು ಆಗ ಒಮ್ಮೆಯೂ ಯೋಚಿಸಲಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಮರ ಕಡಿಯಲು ಅನುಮತಿ ಬೇಕೆಂಬ ಹೊಸ ಕಾನೂನು ಬಂದಿತ್ತು. ಅದುವರೆಗೆ ತಮ್ಮ ಹಿತ್ತಲಿನ ಮರವನ್ನು ತಾವೇ ಕಡಿಯುತ್ತಿದ್ದ ಜನ ಕಂಗಾಲಾದರು. ಪಕ್ಕದ ಊರಿನಲ್ಲಿ ಯಾರೋ ಹಲಸಿನ ಮರ ಕಡಿಸಿ ಕಚೇರಿಯಿಂದ ಕಚೇರಿಗೆ ಅಲೆದ ಸುದ್ದಿ ಹಬ್ಬಿದ ಮೇಲೆ, ಕೂಲಿಯಾಳುಗಳು ಚೀಟಿ ತೋರಿಸದೆ ಕೊಡಲಿ ಎತ್ತುತ್ತಿರಲಿಲ್ಲ. ಚೀಟಿ ಕೊಡುವವರು ಯಾರು? ಅರಣ್ಯದವರೋ, ಪಂಚಾಯತೋ, ತಾಲೂಕು ಕಚೇರಿಯೋ? ಕಾಡಿನ ಮರವಾದರೆ ಸರಿ, ಅಡುಗೆಮನೆಯ ಹಿಂದಿನ ಮರಕ್ಕೆ ಯಾರು ಧಣಿ? ಒಬ್ಬರಿಗೂ ಸ್ಪಷ್ಟವಿರಲಿಲ್ಲ.

ಆ ಗೊಂದಲ ನನಗೆ ಹಬ್ಬವಾಗಿತ್ತು ಬಾಯಮ್ಮ. ನಿಜ ಹೇಳುತ್ತೇನೆ. ನನಗೆ ಬರೆಯುವುದೆಂದರೆ ಇಷ್ಟ. 'ಸದರಿ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಒಳಪಡುವುದಿಲ್ಲವಾಗಿ' ಎಂದು ಗುಂಡು ಅಕ್ಷರದಲ್ಲಿ ಬರೆದು, ಮೊಹರು ಹಾಕಿ, ದೂರದಿಂದ ಹಿಡಿದು ನೋಡುವ ಸುಖ — ಅದನ್ನು ಹೇಗೆ ಹೇಳಲಿ. ನನ್ನ ಮೇಲೆ ಅಧ್ಯಕ್ಷರೊಬ್ಬರಿದ್ದರು, ನಾನು ಬೆರಳಿಟ್ಟಲ್ಲಿ ಸಹಿ ಹಾಕುತ್ತಿದ್ದರು. ಆ ಎರಡು ಕೋಣೆಯ ಕಚೇರಿಯಲ್ಲಿ ನಾನೇ ಸರಕಾರ.

ನೀವು ಮೊದಲ ಸಲ ಬಂದದ್ದು ಒಂದು ಬೇಸಿಗೆಯ ಬೆಳಿಗ್ಗೆ. ಕೈಯಲ್ಲಿ ಲೂಸಿ ಬರೆದುಕೊಟ್ಟ ಅರ್ಜಿ.

“ಇದೊಂದು ನೋಡಿ ಮಾರಾಯ್ರೆ,” ಎಂದಿರಿ. “ಆ ಕಾಯೆರ್ ಮರ ಕಡಿಸ್ಬೇಕು. ಆಳು ಚೀಟಿ ಕೇಳ್ತಾನೆ.”

“ಆ ಮರದಿಂದ ನಿಮಗೆ ಎಂತ ಉಪದ್ರ?”

“ನನಗೆಂತ ಉಪದ್ರ? ನಿಮ್ಮ ಜನ ಆಟಿಗೆ ಬರ್ತಾರೆ ಅಲ್ವಾ, ಅವರಿಗೆ. ಪಾಲೆ ಅಂತ ಹೇಳಿ ಯಾರಾದ್ರೂ ಅದನ್ನು ಜಜ್ಜಿದ್ರೆ? ವರ್ಷ ವರ್ಷ ಆ ದಿನ ನನಗೆ ನಿದ್ದೆ ಇಲ್ಲ.”

ನಾನು ನಕ್ಕೆ. “ನಮ್ಮ ಜನರಿಗೆ ಪಾಲೆ ಯಾವುದು, ಕಾಯೆರ್ ಯಾವುದು ಅಂತ ನೀವು ಹೇಳಿಕೊಡ್ಬೇಕಾ ಬಾಯಮ್ಮ?”

ನೀವೂ ನಕ್ಕಿರಿ. ಆದರೆ ಅರ್ಜಿಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ನಾನು ಅದನ್ನು ಓದಿ, ಇದು ನಮ್ಮ ಕೆಲಸವಲ್ಲ, ಕಾರ್ಕಳಕ್ಕೆ ಹೋಗಿ ಅರಣ್ಯದವರಿಗೆ ಕೊಡಿ ಎಂದು ನಿಮ್ಮ ಕೈಗೇ ವಾಪಸು ಕೊಟ್ಟೆ. ಬಂದ ಕಾಗದವನ್ನು ಆವಕ ಪುಸ್ತಕದಲ್ಲಿ ದಾಖಲಿಸಿ, ನಂಬ್ರ ಹಾಕಿ, ಅರ್ಜಿ ತಲುಪಿದೆ ಎಂದು ಅರ್ಜಿದಾರರಿಗೆ ಹಿಂಬರಹ ಕೊಡಬೇಕು. ಅದು ನಿಯಮ. ನಾನು ದಾಖಲಿಸಲಿಲ್ಲ. ಮರೆತದ್ದಲ್ಲ. ಕಚೇರಿಯ ಕೆಲಸ ಗೊತ್ತಿದ್ದವರಿಗೆಲ್ಲ ಈ ಉಪಾಯ ಗೊತ್ತುಂಟು: ಪುಸ್ತಕದಲ್ಲಿ ಒಮ್ಮೆ ನಂಬ್ರ ಬಿತ್ತೋ, ಆ ವಿಷಯ ನಿನ್ನದಾಯಿತು. ನಂಬ್ರ ಬೀಳದ ಕಾಗದ ಗಾಳಿಯಲ್ಲಿ ಹಾರುವ ಕಾಗದ, ಅದಕ್ಕೆ ಯಾರೂ ಜವಾಬ್ದಾರರಲ್ಲ.

ನೀವು ಹೂವಿನ ಕೆಲಸ ಬಿಟ್ಟು ಬಸ್ಸು ಹಿಡಿದು ಕಾರ್ಕಳಕ್ಕೆ ಹೋದಿರಿ. ಅಲ್ಲಿಯವರ ಮೇಲೆ ನನ್ನ ದೂರಿಲ್ಲ. ಅವರು ಸರಿಯಾಗಿಯೇ ಹೇಳಿದರು — ಮನೆ ಹಿತ್ತಲಿನ ಮರವಾದ್ದರಿಂದ ಪಂಚಾಯತಿನವರು ಸ್ಥಳ ನೋಡಿ ಎರಡು ಸಾಲು ಬರೆದುಕೊಡಲಿ, ನಾವು ಅನುಮತಿ ಕೊಡುತ್ತೇವೆ ಎಂದು. ಅದನ್ನು ನೀವು ಬಂದು ಹೇಳಿದಾಗ ನನಗೆ ಮೈ ಉರಿಯಿತು. ನನಗೆ ಕೆಲಸ ಹೇಳಲು ಇವರು ಯಾರು? ಆ ವರ್ಷದ ಮಳೆಗಾಲ ಹಾಗೆಯೇ ಕಳೆಯಿತು. ನೀವು ಎಂದಿನಂತೆ ಬಟ್ಟೆ ಕಟ್ಟಿದಿರಿ, ಮಾವ ಎಂದಿನಂತೆ ತೊಗಟೆ ತಂದರು.

ಮರುವರ್ಷ ಮತ್ತೆ ಬಂದಿರಿ, ಹೊಸ ಅರ್ಜಿಯೊಂದಿಗೆ. ಈ ಸಲ ವಾಪಸು ಕೊಡಲಿಲ್ಲ. ಇಟ್ಟುಕೊಂಡೆ, ಆದರೆ ಪುಸ್ತಕದಲ್ಲಿ ಹಾಕಲಿಲ್ಲ. “ರಶೀದಿ ಎಂತದಾದ್ರೂ ಉಂಟಾ?” ಎಂದು ನೀವು ಕೇಳಿದ್ದು ನೆನಪುಂಟು. “ನನ್ನ ಮೇಲೆ ನಂಬಿಕೆ ಇಲ್ವಾ?” ಎಂದೆ. ನೀವು ನಾಚಿಕೊಂಡು ಹೊರಟುಹೋದಿರಿ. ಅಂದೇ ಕುಳಿತು ಕಾರ್ಕಳಕ್ಕೆ ಮೂರು ಪುಟದ ಪತ್ರ ಬರೆದೆ. ಮನೆ ಹಿತ್ತಲಿನ ಮರಗಳು ಪಂಚಾಯತಿನ ವ್ಯಾಪ್ತಿಗೆ ಬರುವುದಿಲ್ಲ ಎಂದು ಸಾಧಿಸಲು ಏನೆಲ್ಲ ಬರೆದೆನೋ. ಮರದ ಬಗ್ಗೆ, ಅದು ವಿಷದ ಮರ ಎಂಬ ಬಗ್ಗೆ, ಆಟಿ ಹತ್ತಿರ ಬಂತು ಎಂಬ ಬಗ್ಗೆ ಒಂದು ಅಕ್ಷರವಿಲ್ಲ.

ಭಾವನಿಗೆ ಇದೆಲ್ಲ ತಮಾಷೆ. ಆಟಿಯಲ್ಲಿ ದೋಣಿ ಕಡಲಿಗೆ ಇಳಿಯುವುದಿಲ್ಲ, ಮೀನಿಲ್ಲ, ಅವರಿಗೆ ಕೆಲಸವಿಲ್ಲ. ನಾನು ಮನೆಗೆ ಹೋದಾಗ, ಜಗಲಿಯಲ್ಲಿ ನಾವಿಬ್ಬರೇ ಕೂತಿರುವಾಗ ಚುಡಾಯಿಸುತ್ತಿದ್ದರು. “ಎಂತದು ಗುಮಾಸ್ತ್ರೆ? ಬಾಯಮ್ಮನ ಮರ ನಿಮ್ಮ ಪೆನ್ನಿಗೆ ಬಗ್ಗುವುದಿಲ್ವಾ? ಹೇಳಿ, ನಾನೇ ಹೋಗಿ ನಾಲ್ಕು ಏಟು ಹಾಕಿ ಬರ್ತೇನೆ.”

“ಚೀಟಿ ಇಲ್ಲದೆ ಕಡಿದ್ರೆ ನಿಮ್ಮನ್ನೇ ಒಳಗೆ ಹಾಕ್ತಾರೆ ಭಾವ,” ಎಂದೆ.

“ಹಾಗಾದ್ರೆ ಚೀಟಿ ಕೊಡಿ ಮಾರಾಯ್ರೆ!”

ಕೊಟ್ಟಿದ್ದರೆ...

ಕಾರ್ಕಳದಿಂದ ಉತ್ತರ ಬಂದದ್ದು ಅಮಾವಾಸ್ಯೆಗೆ ಮೂರು ವಾರ ಮೊದಲು, ಅಂಚೆಯಲ್ಲಿ. ಐದಾರು ಸಾಲು ಮಾತ್ರ. ಮನೆ ಹಿತ್ತಲಿನ ಮರದ ಅರ್ಜಿಯನ್ನು ಪಂಚಾಯತೇ ಸ್ವೀಕರಿಸಿ, ಸ್ಥಳ ನೋಡಿ, ಅಭಿಪ್ರಾಯದೊಂದಿಗೆ ಕಳಿಸತಕ್ಕದ್ದು, ಅಪಾಯದ ಮರವಾದರೆ ತಡಮಾಡಬಾರದು ಎಂದು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಸೋತಿದ್ದೆ. ನನ್ನ ಮೂರು ಪುಟಕ್ಕೆ ಅವರು ಐದು ಸಾಲಿನಲ್ಲಿ ಮಂಗಳಾರತಿ ಎತ್ತಿದ್ದರು. ನಾನು ಮಾಡಬೇಕಾಗಿದ್ದದ್ದು ಎಷ್ಟು? ಇಪ್ಪತ್ತು ನಿಮಿಷ ನಡೆದು, ಮರ ನೋಡಿ, ಎರಡು ಸಾಲು ಬರೆಯುವುದು. ಅದೂ ಬೇಡ, ಆ ಮರ ನಾನು ಹುಟ್ಟಿದಂದಿನಿಂದ ನೋಡಿದ ಮರ! ಕೂತಲ್ಲಿಂದಲೇ ಬರೆಯಬಹುದಿತ್ತು.

ನಾನು ಆ ಪತ್ರವನ್ನು ನಿಮ್ಮ ಅರ್ಜಿಯ ಜೊತೆ ಮಡಚಿ ಮನೆ ತೆರಿಗೆಯ ಕಟ್ಟಿನ ಅಡಿಗೆ ತಳ್ಳಿದೆ. ಅವರು ಹೇಳಿದ ಕೂಡಲೇ ಕುಣಿಯಬೇಕಾ, ಮಳೆ ಮುಗಿಯಲಿ, ನೋಡೋಣ ಎಂದುಕೊಂಡೆ. ಇದಕ್ಕಿಂತ ದೊಡ್ಡ ಕಾರಣವೇನಾದರೂ ಇತ್ತೇ ಎಂದು ಎಷ್ಟೋ ಸಲ ಮನಸ್ಸಿನೊಳಗೆ ಕೆದಕಿದ್ದೇನೆ. ಸಿಟ್ಟು, ಹಗೆ, ಏನಾದರೂ ಇದ್ದಿದ್ದರೆ ಒಂದು ನೆಪವಾದರೂ ಸಿಗುತ್ತಿತ್ತು. ಇರಲಿಲ್ಲ. ಬರೀ ಜಂಬ.

ಆ ವರ್ಷ ಎರಡು ಸಂಗತಿಗಳು ಒಟ್ಟಿಗೆ ಬಂದವು. ಮಾವ ಕಾಲು ಬಾತು ಹಾಸಿಗೆ ಹಿಡಿದಿದ್ದರು. ಮತ್ತು ಮದುವೆಯಾಗಿ ಹೋಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಲೂಸಿಗೆ ನೋವು ಬಂದು, ಅಮಾವಾಸ್ಯೆಯ ಎರಡು ದಿನ ಮೊದಲೇ ನೀವು ಮನೆಗೆ ಬೀಗ ಹಾಕಿ ಮಣಿಪಾಲದ ಆಸ್ಪತ್ರೆಗೆ ಹೋಗಿದ್ದಿರಿ. ಪಾಲೆಗೆ ಬಟ್ಟೆ ಕಟ್ಟುವವರಿರಲಿಲ್ಲ.

ತೊಗಟೆ ತರಲು ಹೊರಟವರು ಭಾವ. ಕಡಲಿನ ನೂರು ಜಾತಿಯ ಮೀನನ್ನು ಕಣ್ಣು ಮುಚ್ಚಿ ಮುಟ್ಟಿ ಹೇಳಬಲ್ಲವರು, ಮರ ಗೊತ್ತಿಲ್ಲದವರು. ಹಾಸಿಗೆಯಿಂದಲೇ ಮಾವ ಹೇಳಿದರಂತೆ, ಬಟ್ಟೆ ಕಟ್ಟಿದ ಮರ, ತಪ್ಪಬೇಡ ಎಂದು. ಅಲ್ಲಿ ಬಟ್ಟೆ ಕೈಗೆ ಸಿಗಲಿಲ್ಲ. ಜೋರು ಮಳೆ. ಬರಿಗೈಯಲ್ಲಿ ವಾಪಸಾಗಲು ಮನಸ್ಸು ಬಂದಿರಲಿಕ್ಕಿಲ್ಲ. ಒಂದು ಮರವನ್ನು ಇದೇ ಎಂದುಕೊಂಡರು.

ಅಕ್ಕ ಕಷಾಯ ಮಾಡಿದಳು. ಮೊದಲ ಲೋಟ ಭಾವನಿಗೆ. ಎರಡನೆಯದನ್ನು ಮಾವನ ಹಾಸಿಗೆಯ ಹತ್ತಿರ ಒಯ್ದಳು. ಮಾವ ನಾಲಿಗೆಯ ತುದಿಗೆ ತಾಗಿಸಿದ್ದೇ ಥೂ ಎಂದು ಉಗುಳಿ ಬೊಬ್ಬೆ ಹಾಕಿದರು. ಅಷ್ಟರಲ್ಲಿ ಭಾವ ಲೋಟ ಬರಿದು ಮಾಡಿ ಕೆಳಗಿಟ್ಟಾಗಿತ್ತು.

ಟ್ಯಾಕ್ಸಿ ಸಿಕ್ಕಿ, ಅಕ್ಕ ಭಾವನನ್ನು ಕೂರಿಸಿಕೊಂಡು ಮಣಿಪಾಲಕ್ಕೆ ಹೊರಟಳು. ಪರ್ಕಳದಲ್ಲಿ ನನ್ನ ಕೋಣೆಯ ಎದುರಿನ ರಸ್ತೆಯಲ್ಲೇ ಹೋದರು, ನಾನು ಒಳಗೆ ಗಡ್ಡ ಹೆರೆದುಕೊಳ್ಳುತ್ತಿದ್ದೆ. ಆಸ್ಪತ್ರೆ ಮುಟ್ಟುವ ಮೊದಲೇ ಭಾವನ ಜೀವ ಹೋಗಿತ್ತು. ಸುದ್ದಿ ಸಿಕ್ಕಿ ನಾನು ಓಡಿ ಹೋಗುವಾಗ ಅಕ್ಕ ಅಲ್ಲಿ ಒಂದು ಬೆಂಚಿನ ಮೇಲೆ ಕೂತಿದ್ದಳು, ಅವಳ ತಲೆ ನಿಮ್ಮ ಹೆಗಲ ಮೇಲಿತ್ತು ಬಾಯಮ್ಮ. ಮಗಳ ಬಾಣಂತನ ಬಿಟ್ಟು ನೀವು ಕೆಳಗೆ ಓಡಿಬಂದಿದ್ದಿರಿ. ಅಕ್ಕ ಆಗ ಇನ್ನೂ ಯಾರನ್ನೂ ದೂರಿರಲಿಲ್ಲ.

ದೂರು ಮಾರನೆಯ ದಿನ ಶುರುವಾಯಿತು. ಅನುಮಾನದ ಸಾವು ಎಂದು ಪೊಲೀಸರು ಬಂದರು. ಪಂಚಾಯತು ಕಚೇರಿಯ ಜಗಲಿಯಲ್ಲಿ ಜನ ಸೇರಿದರು. ಅಂಥ ಮರವನ್ನು ಹಿತ್ತಲಿನಲ್ಲಿ ಇಟ್ಟುಕೊಂಡದ್ದು ಯಾಕೆ, ಅದೊಂದು ದಿನ ಬಟ್ಟೆ ಕಟ್ಟದೆ ಹೋದದ್ದು ಯಾಕೆ ಎಂದು ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ನಿಮ್ಮನ್ನು ಆಸ್ಪತ್ರೆಯಿಂದ ಕರೆಸಿದ್ದರು. ಅಕ್ಕನೂ ಬಂದು ಕಂಬಕ್ಕೆ ಒರಗಿ ಕೂತಿದ್ದಳು.

ನೀವು ಹೆದರಿರಲಿಲ್ಲ. ಹೆದರಬೇಕಾದ್ದೇನಿತ್ತು ನಿಮಗೆ? “ಅದನ್ನು ಕಡಿಸ್ಬೇಕು ಅಂತ ಎರಡು ವರ್ಷದಿಂದ ಕೇಳ್ತಾ ಇದ್ದೇನೆ,” ಎಂದಿರಿ. “ಅರ್ಜಿ ಕೊಟ್ಟಿದ್ದೇನೆ. ಗುಮಾಸ್ತ್ರಲ್ಲಿ ಉಂಟು, ಕೇಳಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಅಕ್ಕನೂ ತಿರುಗಿದಳು. ಅವಳ ಮುಖ ನೋಡಿದ ಆ ಗಳಿಗೆಯಲ್ಲಿ — ಹೌದು ಎಂದರೆ ಗಂಡನನ್ನು ಕೊಂದವನು ನಾನು ಎಂದು ಇವಳಿಗೆ ಗೊತ್ತಾಗುತ್ತದೆ. ಅಷ್ಟೇ ಹೊಳೆದದ್ದು. ಕೆಲಸ ಹೋಗುತ್ತದೆ ಎಂಬುದು ಆಮೇಲೆ ಹೊಳೆಯಿತು.

“ಅಂಥ ಅರ್ಜಿ ಈ ಕಚೇರಿಗೆ ಬಂದದ್ದಿಲ್ಲ,” ಎಂದೆ.

ಆವಕ ಪುಸ್ತಕ ತರಿಸಿದರು. ಪುಟ ತಿರುವಿದರು. ಎಲ್ಲಿಯೂ ನಿಮ್ಮ ಹೆಸರಿಲ್ಲ. ನಿಮ್ಮಲ್ಲಿ ಹಿಂಬರಹವೂ ಇಲ್ಲ. ನೀವು ಕೂಗಾಡುತ್ತೀರಿ, ಆಣೆ ಹಾಕುತ್ತೀರಿ ಎಂದು ನಾನು ಮೈ ಬಿಗಿಹಿಡಿದು ನಿಂತಿದ್ದೆ. ನೀವು ನನ್ನನ್ನೇ ನೋಡಿ, ಮೆಲ್ಲಗೆ ಒಂದೇ ಮಾತು ಕೇಳಿದಿರಿ.

“ಸತ್ತದ್ದು ನಿಮ್ಮ ಭಾವ ಅಲ್ವಾ?”

ನನ್ನನ್ನು ಕಾಪಾಡಿದ್ದೂ ಅದೇ. ಗುಮಾಸ್ತನ ಸ್ವಂತ ಭಾವ ಸತ್ತಿದ್ದಾನೆ, ಅವನು ಸುಳ್ಳು ಹೇಳಿಯಾನೆ? ಕಾರ್ಕಳದ ಕಡತದಲ್ಲಿ ನನ್ನ ಮೂರು ಪುಟವೂ ಅವರ ಉತ್ತರದ ಪ್ರತಿಯೂ ಇದ್ದಿರಲೇಬೇಕು. ಹೋಗಿ ನೋಡಿದವರಿಲ್ಲ. ನನ್ನ ದುಃಖಕ್ಕೆ ಗೌರವ ಕೊಟ್ಟು ಎಲ್ಲರೂ ಸುಮ್ಮನಾದರು. ದುಃಖ ನಿಜವೇ ಆಗಿತ್ತು, ಅದೊಂದು ವಿಚಿತ್ರ. ನನಗೆ ಭಾವ ಎಂದರೆ ಜೀವ. ಅವರನ್ನು ನೆನೆದು ಅತ್ತ ಸಂಜೆಯೇ ನಿಮ್ಮ ಅರ್ಜಿಯನ್ನೂ ಕಾರ್ಕಳದ ಉತ್ತರವನ್ನೂ ಬಚ್ಚಲ ಒಲೆಗೆ ಹಾಕಿದೆ.

ಇನ್ನೊಂದು ಸಂಗತಿ ಯಾರ ಕಣ್ಣಿಗೂ ಬೀಳಲಿಲ್ಲ. ಭಾವ ಸತ್ತ ಮೂರನೆಯ ದಿನ ಆ ಮರ ಕಡಿಯಲು ಅನುಮತಿ ಬಂತು. ಅರ್ಜಿ ಇಲ್ಲದೆ! ಸ್ಥಳ ನೋಡಿದ್ದೇನೆ, ಅಪಾಯದ ಮರ, ಪಂಚಾಯತಿನ ಒಪ್ಪಿಗೆ ಉಂಟು ಎಂದು ನಾನೇ ಎರಡು ಸಾಲು ಬರೆದೆ. ಅಧ್ಯಕ್ಷರು ಸಹಿ ಹಾಕಿದರು. ಕಾರ್ಕಳದವರು ಅದೇ ದಿನ ಚೀಟಿ ಕೊಟ್ಟರು. ಎರಡು ವರ್ಷ ಆಗದ ಕೆಲಸ ಒಂದು ಬೆಳಿಗ್ಗೆಯಲ್ಲಿ ಮುಗಿಯಿತು. ಕೊಡಲಿ ಬೀಳುವಾಗ ನಾನು ಅಲ್ಲೇ ನಿಂತಿದ್ದೆ, ಸರಕಾರದ ಪರವಾಗಿ.

ಭಾವನ ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ, ನೀವು ನಿಮ್ಮ ಹಿತ್ತಲಿನ ಒಂದು ಬಾಳೆಗೊನೆ ಹೊರಿಸಿಕೊಂಡು ಬಂದಿರಿ. ಅಕ್ಕ ಅದನ್ನು ಎಳೆದು ಚರಂಡಿಗೆ ಹಾಕಿದಳು. “ಇದರಲ್ಲಿ ಎಂತ ವಿಷ ಉಂಟೋ!” ಎಂದು ಕಿರುಚಿ, ನಿಮ್ಮ ಕಾಲ ಬುಡಕ್ಕೆ ಉಗುಳಿದಳು. ನಾನು ಬಡಿಸಲು ಅನ್ನದ ಪಾತ್ರೆ ಹಿಡಿದು ನಿಂತಿದ್ದೆ. ಪಾತ್ರೆ ಕೆಳಗಿಡಲಿಲ್ಲ. ಬಾಯಿ ಬಿಡಲಿಲ್ಲ. ನೀವು ಸೆರಗು ಎಳೆದುಕೊಂಡು ಹೋದಿರಿ.

ಅಲ್ಲಿಂದ ಮುಂದೆ ನಿಮ್ಮ ಹೂವನ್ನು ಮುಟ್ಟುವವರಿಲ್ಲವಾಯಿತು. ಮೊದಲು ನಮ್ಮ ಮನೆಯವರು ಬಿಟ್ಟರು, ಆಮೇಲೆ ನಮ್ಮ ನೆಂಟರು, ಆಮೇಲೆ ದೇವಸ್ಥಾನದವರು. ಯಾರೂ ಬಹಿರಂಗವಾಗಿ ಬೇಡ ಎನ್ನಲಿಲ್ಲ, ಇವತ್ತು ಬೇಡ ಎಂದರು ಅಷ್ಟೇ. ಸಾವಿಗೆ ಕಾರಣವಾದ ಮನೆಯ ಮಲ್ಲಿಗೆಯನ್ನು ಮದುಮಗಳ ತಲೆಗೆ ಹೇಗೆ ಮುಡಿಸುವುದು ಎಂದು ಹೆಂಗಸರು ಪಿಸುಗುಟ್ಟುವುದನ್ನು ನಾನು ಕೇಳಿದ್ದೇನೆ. ಗಿಡಗಳಲ್ಲಿ ಹೂ ಅರಳಿ, ಕೊಯ್ಯುವವರಿಲ್ಲದೆ ಬಾಡುತ್ತಿತ್ತು. ಒಂದೂವರೆ ವರ್ಷ ತಡೆದಿರಿ. ಕೊನೆಗೆ ಮನೆಯನ್ನು ಸಿಕ್ಕಿದಷ್ಟಕ್ಕೆ ಕೊಟ್ಟು ಕಾಪು ಕಡೆ ಲೂಸಿಯ ಗಂಡನ ಮನೆಗೆ ಹೊರಟುಹೋದಿರಿ. ಊರು ಬಿಡುವ ದಿನ ಬಸ್ಸು ನಮ್ಮ ಕಚೇರಿಯ ಎದುರು ನಿಂತಾಗ ನಾನು ಕಿಟಕಿಯಿಂದ ಹಿಂದೆ ಸರಿದೆ.

ಇಷ್ಟು ವರ್ಷ ಬಿಟ್ಟು ಈಗೇಕೆ ಎಂದು ನೀವು ಕೇಳಬಹುದು. ಪಶ್ಚಾತ್ತಾಪ ಉಕ್ಕಿ ಬಂತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಹಾಗಲ್ಲ. ಹಳೆಯ ಪಂಚಾಯತು ಹೋಗಿ ಈಗ ಮಂಡಲ ಪಂಚಾಯತು ಬಂದಿದೆ. ಹೊಸ ಸದಸ್ಯರು ಉತ್ಸಾಹದವರು. ಹೋದ ತಿಂಗಳು ಸಭೆಯಲ್ಲಿ ಒಬ್ಬರು ಕೇಳಿದರು — ಮನೆ ಹಿತ್ತಲಿನ ಮರ ಕಡಿಯುವ ಅನುಮತಿ ಯಾರ ಕೈಯಲ್ಲಿರಬೇಕು? ಅರಣ್ಯದವರಲ್ಲೋ, ನಮ್ಮಲ್ಲೋ? ಜನ ಅಲೆಯುತ್ತಿದ್ದಾರೆ, ಮೇಲಿನವರಿಗೆ ಬರೆಯೋಣ. ಎಲ್ಲರೂ ನನ್ನ ಕಡೆ ನೋಡಿದರು. ನೀವು ಹಳಬರು, ಅನುಭವ ಉಂಟು, ನೀವೇ ಒಂದು ಟಿಪ್ಪಣಿ ಬರೆಯಿರಿ ಎಂದರು.

ಬರೆಯಲು ಕೂತೆ. ಮರದ ಹತ್ತಿರ ಇರುವವರ ಕೈಯಲ್ಲಿ ಇರಬೇಕು ಎಂದು ಮೊದಲ ಸಾಲು ಬರೆದೆ. ದೂರದ ಕಚೇರಿಯಲ್ಲಿ ಕೂತವನಿಗೆ ಮರ ಬರೀ ಕಾಗದ, ಹತ್ತಿರದವನಿಗೆ ಅದರ ಎಲೆ ಗೊತ್ತು, ನೆರಳು ಗೊತ್ತು, ಅದರ ಕೆಳಗೆ ಓಡಾಡುವವರು ಯಾರೆಂದು ಗೊತ್ತು... ಅಲ್ಲಿಗೆ ನಿಂತೆ. ನನಗಿಂತ ಹತ್ತಿರದವನು ಯಾರಿದ್ದ? ಎಲೆ ಗೊತ್ತಿತ್ತು. ಕೆಳಗೆ ಓಡಾಡುವವರಲ್ಲಿ ಒಬ್ಬರು ನನ್ನ ಭಾವ. ಹತ್ತಿರ ಇದ್ದದ್ದರಿಂದ ಏನು ಸಿಕ್ಕಿತು? ಹಾಗಾದರೆ ಅರಣ್ಯದವರಿಗೇ ಇರಲಿ ಎಂದು ಬರೆಯಲೇ — ಅವರಿಗೆ ಕೊಟ್ಟರೆ ಅಲ್ಲಿಯೂ ನನ್ನಂಥವನು ಒಬ್ಬ ಕೂತಿರಬಹುದು. ಯಾರಿಗೆ ಕೊಟ್ಟರೂ ಸರಿ, ಕಾಗದ ಕೈಗೆ ಬಂದ ಕೂಡಲೇ ಪುಸ್ತಕದಲ್ಲಿ ಬರೆದು, ಬಂದಿದೆ ಎಂದು ಕೊಟ್ಟವರ ಕೈಗೆ ಒಂದು ಚೀಟಿ ಕೊಡಲೇಬೇಕು, ಆಮೇಲೆ ಬೇಕಾದರೆ ನಮ್ಮದು ನಿಮ್ಮದು ಎಂದು ಜಗಳಾಡಲಿ. ಇಷ್ಟೇ ನನಗೆ ಗೊತ್ತಾದದ್ದು. ಆ ಸಾಲನ್ನೂ ಬರೆದೆ. ಇದು ನಿಮಗೆ ಹೇಗೆ ತಿಳಿಯಿತು ಎಂದು ಯಾರಾದರೂ ಕೇಳಿದರೆ? ಟಿಪ್ಪಣಿಯನ್ನು ಅಲ್ಲಿಗೇ ಬಿಟ್ಟೆ.

ಹೋದ ಭಾನುವಾರ ಅಕ್ಕನ ಮನೆಗೆ ಹೋದೆ. ಅವಳು ಹಿಂದಿನ ಬಾಗಿಲಲ್ಲಿ ಕೂತು ಬಂಗುಡೆ ಮೀನು ಸರಿಮಾಡುತ್ತಿದ್ದಳು. ನಿಂತುಕೊಂಡೇ ಹೇಳಿದೆ, ಎಲ್ಲವನ್ನೂ.

“ಇನ್ನೊಮ್ಮೆ ಹೇಳು,” ಎಂದಳು. ಇನ್ನೊಮ್ಮೆ ಹೇಳಿದೆ.

ಕೈಯಲ್ಲಿದ್ದ ಬಂಗುಡೆಯನ್ನು ಸರಿಮಾಡಿ ಮುಗಿಸಿದಳು. ಆಮೇಲೆ ಕೈ ತೊಳೆದು, ಎದ್ದು ನಿಂತು ಹೇಳಿದಳು: “ಅವರನ್ನು ಕೊಂದದ್ದು ಮರ. ಅದು ನನ್ನ ಹಣೆಬರಹ ಅಂತ ಇಟ್ಟುಕೊಳ್ತೇನೆ. ಆದ್ರೆ ತಪ್ಪಿಲ್ಲದ ಹೆಂಗಸಿಗೆ ಹತ್ತು ವರ್ಷ ನನ್ನ ಬಾಯಿಯಿಂದ ಶಾಪ ಹಾಕಿಸಿದ್ದು ನೀನು. ಅದನ್ನು ಎಲ್ಲಿ ಇಟ್ಟುಕೊಳ್ಳಲಿ ನಾನು?”

ಒಟ್ಟಿಗೆ ಕಾಪುವಿಗೆ ಹೋಗೋಣ, ನಾನೂ ಬರುತ್ತೇನೆ ಎಂದೆ.

“ನೀನು ಬರ್ಬೇಡ,” ಎಂದಳು ಅಕ್ಕ. “ನೀನು ಬಂದು ಅತ್ತರೆ ಅವರು ನಿನಗೇ ಸಮಾಧಾನ ಹೇಳಿಯಾರು. ಅಂಥ ಹೆಂಗಸು ಅವರು. ಅದು ಬೇಡ.”

ನಿನ್ನೆ ಒಬ್ಬಳೇ ನಿಮ್ಮಲ್ಲಿಗೆ ಬಂದಿದ್ದಳಲ್ಲ. ಸಂಜೆ ಪರ್ಕಳದ ಬಸ್ಸು ನಿಲ್ದಾಣದಲ್ಲಿ ಅವಳಿಗಾಗಿ ಕಾದಿದ್ದೆ. ಬಸ್ಸಿನಿಂದ ಇಳಿಯದೆ, ಕಿಟಕಿಯಿಂದಲೇ ಮಾತಾಡಿದಳು. ನೀವಿಬ್ಬರೂ ಅತ್ತಿರಂತೆ. ಊಟ ಹಾಕಿದಿರಂತೆ. ಮಾವ ತೀರಿಕೊಂಡದ್ದು ಕೇಳಿ ಬೇಸರಪಟ್ಟಿರಂತೆ. ಲೂಸಿಯ ಮಗಳು ನಾಲ್ಕನೆಯ ಕ್ಲಾಸಂತೆ.

“ನನ್ನ ಬಗ್ಗೆ?” ಎಂದೆ.

“ನಿನ್ನ ಬಗ್ಗೆ ಎಂತದೂ ಕೇಳ್ಲಿಲ್ಲ,” ಎಂದಳು. ಬಸ್ಸು ಹೊರಟಿತು.

ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಹಗುರಾಗುವ ಹಕ್ಕು ನನಗಿಲ್ಲ ಎಂದು ನೀವು ಹೇಳದೆಯೇ ಹೇಳಿದಿರಿ, ಅದು ಸರಿ. ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ಬರುವ ಸೋಮವಾರ ಮಂಡಲದ ಸಭೆ ಉಂಟು. ಟಿಪ್ಪಣಿಯ ಬದಲು ಈ ಕಾಗದವನ್ನು ಓದುತ್ತೇನೆ. ಅಂದು ನಿಮ್ಮನ್ನು ದೂರಿದವರಲ್ಲಿ ಬದುಕಿರುವವರನ್ನೆಲ್ಲ ಮನೆಮನೆಗೆ ಹೋಗಿ ಕರೆದು ಬಂದಿದ್ದೇನೆ, ವಿಷಯ ಏನೆಂದು ಹೇಳಿಲ್ಲ. ನನ್ನ ಕೆಲಸದ ಮೇಲೆ ಏನು ಕ್ರಮ ತೆಗೆದುಕೊಳ್ಳುತ್ತಾರೋ ತೆಗೆದುಕೊಳ್ಳಲಿ.

ಓದಿ ಮುಗಿಸಿದ ಮೇಲೆ ನಿಮ್ಮ ಬಗ್ಗೆ ಅಲ್ಲಿ ಯಾರಾದರೂ ಒಂದು ಒಳ್ಳೆಯ ಮಾತು ಆಡಿದರೆ, ಅಕ್ಕ ಬಂದು ನಿಮಗೆ ಹೇಳುತ್ತಾಳೆ. ನನ್ನ ಬಗ್ಗೆ ಆಡುವುದನ್ನು ನಾನು ಅಲ್ಲೇ ನಿಂತು ಕೇಳುತ್ತೇನೆ.